ಪೆಟ್ಟಿಗೆ ಹಳೆಯದು, ಬೋರ್ಡು ಹೊಸದು

ಪ್ರಶ್ನೆ: ನಮ್ಮ ತಾಯಿ ಮಕ್ಕಳಿಗೆ ಸಂಗೀತ ಹೇಳಿಕೊಡುವಾಗ ಬಳಸುತ್ತಿದ್ದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮನೆಯಲ್ಲಿದೆ. ಎಂಬತ್ತರ ದಶಕದ್ದು. ಕರೆಂಟಿಗೆ ಹಾಕಿದರೆ ಸ್ವರದ ಜೊತೆ ಗುಂಯ್ ಎಂಬ ಸದ್ದು ಬರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಪಂಚಮ ಜಾರುತ್ತದೆ. ಇಲ್ಲಿನ ರಿಪೇರಿಯವರು ‘ಒಳಗಿಂದೆಲ್ಲ ತೆಗೆದು ಹೊಸ ಬೋರ್ಡ್ ಕೂರಿಸಿಕೊಡ್ತೀನಿ’ ಅನ್ನುತ್ತಿದ್ದಾರೆ. ಹೊರದೇಶಗಳಲ್ಲಿ ಹಳೇ ಎಲೆಕ್ಟ್ರಿಕ್ ಪಿಯಾನೊಗಳಿಗೆ ಹೀಗೇ ಹೊಸ ಸರ್ಕ್ಯೂಟ್ ಹಾಕಿ ಮತ್ತೆ ನುಡಿಸುವಂತೆ ಮಾಡುತ್ತಾರೆ ಎಂದು ಓದಿದ್ದೇನೆ. ಹಾಗೆ ಮಾಡಿಸಿದರೆ ಅದು ಅಮ್ಮನ ಪೆಟ್ಟಿಗೆಯಾಗೇ ಉಳಿಯುತ್ತದೆಯೇ?
— ಓದುಗರು, ಅರಸೀಕೆರೆ

ಉತ್ತರ: ಸದ್ಯಕ್ಕೆ ಬೋರ್ಡು ತೆಗೆಸಬೇಡಿ. ನೀವು ಹೇಳಿದ ಎರಡು ತೊಂದರೆಗಳು ಬೇರೆ ಬೇರೆ. ಅವೆರಡಕ್ಕೂ ಇಡೀ ಬೋರ್ಡನ್ನು ಬಲಿಕೊಡುವ ಅಗತ್ಯ ಬಹುಶಃ ಇಲ್ಲ. ರಿಪೇರಿಯವರ ಮೇಲೆ ತಪ್ಪು ಹೊರಿಸುತ್ತಿಲ್ಲ. ಹಳೇ ಬೋರ್ಡಿನಲ್ಲಿ ದೋಷ ಹುಡುಕುತ್ತ ಕೂತರೆ ಅರ್ಧ ದಿನ ಹೋಗುತ್ತದೆ, ಅದಕ್ಕೆ ತಕ್ಕ ಕೂಲಿ ಕೇಳಿದರೆ ಗಿರಾಕಿಗಳು ಹುಬ್ಬು ಗಂಟಿಕ್ಕುತ್ತಾರೆ. ಹೊಸ ಬೋರ್ಡು ಕೂರಿಸುವುದು ಬೇಗ ಮುಗಿಯುವ ಕೆಲಸ. ಅವರ ಲೆಕ್ಕ ಅವರಿಗೆ ಸರಿ. ಆದರೆ ಅದು ಅಮ್ಮನ ಪೆಟ್ಟಿಗೆಯಾಗೇ ಉಳಿಯುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ ಆ ಲೆಕ್ಕದಲ್ಲಿ ಉತ್ತರವಿಲ್ಲ. ನೀವು ಓದಿದ ಪಿಯಾನೊ ಸಂಗತಿಯಲ್ಲಿ ಇದೆ. ಆದರೆ ಅದು ಹೇಳುವುದು ನೀವು ಅಂದುಕೊಂಡದ್ದಕ್ಕೆ ತದ್ವಿರುದ್ಧ.

ಎಲೆಕ್ಟ್ರಿಕ್ ಪಿಯಾನೊ ಎಂದಾಗ ನಮ್ಮ ಕಡೆ ಕಣ್ಣ ಮುಂದೆ ಬರುವುದು ಕ್ಯಾಸಿಯೊ. (ಯಾವ ಕಂಪನಿಯದಾದರೂ ಹಳ್ಳಿಯ ನಾಟಕದವರಿಗೆ ಅದು ಕ್ಯಾಸಿಯೊನೇ.) ಕ್ಯಾಸಿಯೊದ ಮನೆ ಒತ್ತಿದರೆ ಒಳಗೆ ಯಾವ ವಸ್ತುವೂ ಅದುರುವುದಿಲ್ಲ. ಒಂದು ಸ್ವಿಚ್ಚು ಮುಚ್ಚಿಕೊಳ್ಳುತ್ತದೆ, ಐಸಿ ಸ್ವರ ಹುಟ್ಟಿಸುತ್ತದೆ, ಸ್ಪೀಕರು ಕೇಳಿಸುತ್ತದೆ, ಅಷ್ಟೇ. ಹಳೆಯ ಎಲೆಕ್ಟ್ರಿಕ್ ಪಿಯಾನೊ ಹಾಗಲ್ಲ. ಅದು ನಿಜಕ್ಕೂ ಹೊಡೆದು ಬಾರಿಸುವ ವಾದ್ಯ. 1950ರ ದಶಕದಿಂದ 80ರ ದಶಕದ ಮೊದಲ ವರ್ಷಗಳವರೆಗೆ ಅಮೆರಿಕದ ವುರ್ಲಿಟ್ಜರ್ ಕಂಪನಿ ಮಾಡಿದ ಪಿಯಾನೊದಲ್ಲಿ ಮನೆ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಹಾರಿ ಉಕ್ಕಿನ ರೀಡಿಗೆ ಬಡಿಯುತ್ತದೆ. ರೀಡಿನ ಪಕ್ಕದಲ್ಲಿ ಲೋಹದ ತಗಡು, ಎರಡರ ನಡುವೆ ಸುಮಾರು 150 ವೋಲ್ಟಿನ ಡಿಸಿ. ರೀಡು ಅದುರಿದಂತೆಲ್ಲ ನಡುವಿನ ಅಂತರ ಹಿಗ್ಗಿ ಕುಗ್ಗುತ್ತದೆ, ಆ ಏರಿಳಿತವನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಶ್ರುತಿ ಮಾಡುವ ಬಗೆ ಇನ್ನೂ ಸೊಗಸು: ರೀಡಿನ ತುದಿಯಲ್ಲಿ ಸೀಸದ ಬೆಸುಗೆಯ ಗುಡ್ಡೆಯೊಂದಿರುತ್ತದೆ, ಅದನ್ನು ಅರದಿಂದ ಉಜ್ಜಿ ಕಡಿಮೆ ಮಾಡಿದರೆ ಸ್ವರ ಏರುತ್ತದೆ, ಇನ್ನಷ್ಟು ಬೆಸುಗೆ ಸೇರಿಸಿದರೆ ಇಳಿಯುತ್ತದೆ. ಅಮೆರಿಕದ ಗಾಯಕ ರೇ ಚಾರ್ಲ್ಸ್ 1959ರಲ್ಲಿ ಹಾಡಿನ ಜೊತೆ ನುಡಿಸಿ ಜಗತ್ತಿಗೆಲ್ಲ ಕೇಳಿಸಿದ ಪಿಯಾನೊ ಈ ಜಾತಿಯದು.

ಇನ್ನೊಂದು ರೋಡ್ಸ್ ಪಿಯಾನೊ. ಎರಡನೇ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಸೈನಿಕರಿಗೆ ಸಂಗೀತ ಕಲಿಸಲೆಂದು ಹೆರಾಲ್ಡ್ ರೋಡ್ಸ್ ಎಂಬ ಪಿಯಾನೊ ಮೇಷ್ಟ್ರು ಬಿ-17 ಬಾಂಬರ್ ವಿಮಾನದ ಅಲ್ಯೂಮಿನಿಯಂ ಕೊಳವೆಗಳನ್ನು ಕತ್ತರಿಸಿ ತೊಡೆಯ ಮೇಲೆ ಇಟ್ಟುಕೊಂಡು ನುಡಿಸುವ ಚಿಕ್ಕ ವಾದ್ಯ ಮಾಡಿದರು. ಅದೇ ಬೆಳೆಯುತ್ತ ಬಂದು, 1970ರ ಹೊತ್ತಿಗೆ ಉಕ್ಕಿನ ಕಡ್ಡಿಗೆ ಸುತ್ತಿಗೆ ಬಡಿದು, ಆ ಅದುರುವಿಕೆಯನ್ನು ಗಿಟಾರಿನಲ್ಲಿರುವಂಥ ಅಯಸ್ಕಾಂತದ ಪಿಕಪ್‌ನಿಂದ ಹಿಡಿಯುವ ಪಿಯಾನೊ ಆಯಿತು. ಅದರ ಸಾದಾ ಮಾದರಿಯೊಳಗೆ ಆಂಪ್ಲಿಫೈಯರೇ ಇಲ್ಲ, ತಂತಿಯನ್ನು ಹೊರಗಿನ ಆಂಪ್ಲಿಫೈಯರಿಗೆ ಚುಚ್ಚಿ ನುಡಿಸಬೇಕು.

ಈ ಎರಡೂ ಪಿಯಾನೊಗಳ ದನಿ ಇರುವುದು ಲೋಹದಲ್ಲಿ. ಎಲೆಕ್ಟ್ರಾನಿಕ್ಸ್ ಅದನ್ನು ಹೊತ್ತು ತರುವ ಆಳು. ಐವತ್ತು ವರ್ಷದ ಆಳು ಕೆಮ್ಮುತ್ತಾನೆ: ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಣಗಿರುತ್ತವೆ, ರೆಸಿಸ್ಟರುಗಳು ಚರಗುಟ್ಟುತ್ತವೆ, ಆ 150 ವೋಲ್ಟು ಎಲ್ಲೋ ಸೋರುತ್ತದೆ. ಹಾಗಾಗಿ ಅಲ್ಲಿನ ಕುಶಲಿಗಳು ಹಳೇ ಬೋರ್ಡು ಬಿಚ್ಚಿ, ಅದೇ ಜಾಗಕ್ಕೆ ಅದೇ ತಿರುಪುಗಳಲ್ಲಿ ಕೂರುವ ಹೊಸ ಬೋರ್ಡು ಹಾಕುತ್ತಾರೆ. ಗುಂಯ್ ಸದ್ದು ಹೋಗುತ್ತದೆ, ಬೆಂಕಿ ಹತ್ತುವ ಭಯ ಹೋಗುತ್ತದೆ, ರೀಡು ಮುಟ್ಟಿಲ್ಲವಾದ್ದರಿಂದ ದನಿ ಉಳಿಯುತ್ತದೆ. ಪೂರ್ತಿ ಉಳಿಯುತ್ತದೆಯೇ ಎಂಬ ಜಗಳ ಅಲ್ಲೂ ಇದೆ. ಜೋರಾಗಿ ಬಾರಿಸಿದಾಗ ಹಳೇ ಆಂಪ್ಲಿಫೈಯರು ಒಡೆದು ನರಳುತ್ತಿತ್ತಲ್ಲ, ಅದೂ ಹಾಡಿನ ಭಾಗವೇ ಆಗಿತ್ತು ಅನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ, ಆದರೆ ಅದು ನೂರಕ್ಕೆ ಹತ್ತು ಪಾಲಿನ ಜಗಳ.

ನೂರಕ್ಕೆ ನೂರು ಪಾಲಿನ ಜಗಳ ಬೇರೆ ಆಗಿತ್ತು. 1987ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ‘ರೋಡ್ಸ್’ ಎಂಬ ಹೆಸರನ್ನು ಕೊಂಡಿತು. ಎರಡು ವರ್ಷಕ್ಕೆ ಅದೇ ಹೆಸರಿನಲ್ಲಿ ಹೊಸ ಪಿಯಾನೊ ಬಂತು. ಅದರಲ್ಲಿ ಕಡ್ಡಿಯೂ ಇಲ್ಲ, ಸುತ್ತಿಗೆಯೂ ಇಲ್ಲ, ಪೂರಾ ಡಿಜಿಟಲ್. ಕೆಟ್ಟ ವಾದ್ಯವೇನಲ್ಲ, ಶ್ರುತಿ ಬಿಡುತ್ತಿರಲಿಲ್ಲ, ಹೊರಲು ಹಗುರ. ಆದರೂ ಹೆರಾಲ್ಡ್ ರೋಡ್ಸ್ ಅದನ್ನು ತಮ್ಮದೆಂದು ಒಪ್ಪಲಿಲ್ಲ. ಅವರು ತೀರಿಕೊಂಡದ್ದು 2000ದಲ್ಲಿ. 2021ರಲ್ಲಿ ಇಂಗ್ಲೆಂಡಿನ ಕಂಪನಿಯೊಂದು ಅದೇ ಹೆಸರಿನಲ್ಲಿ ಮತ್ತೆ ಪಿಯಾನೊ ಹೊರತಂದಾಗ ಒಳಗಿನ ಎಲೆಕ್ಟ್ರಾನಿಕ್ಸ್ ಎಲ್ಲ ಈ ಕಾಲದ್ದು, ದನಿ ಹುಟ್ಟುವ ಜಾಗದಲ್ಲಿ ಮಾತ್ರ ಉಕ್ಕಿನ ಕಡ್ಡಿ, ಸುತ್ತಿಗೆ.

ಈಗ ನಿಮ್ಮ ಪೆಟ್ಟಿಗೆಗೆ ಬರೋಣ. ಅದು ಹಳೇ ತಿದಿಯ ಶ್ರುತಿಪೆಟ್ಟಿಗೆ ಆಗಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ, ರಿಪೇರಿಯವರಿಗೆ ಕೊಟ್ಟುಬಿಡಿ ಅನ್ನುತ್ತಿದ್ದೆ. ತಿದಿಯ ಪೆಟ್ಟಿಗೆಯಲ್ಲೂ ಹಾರ್ಮೋನಿಯಂನಲ್ಲೂ ದನಿ ಇರುವುದು ಹಿತ್ತಾಳೆಯ ರೀಡಿನಲ್ಲಿ. ಗುಜರಾತಿನ ಪಾಲಿಟಾಣಾದ ರೀಡುಗಳು ಎಂದರೆ ಹಾರ್ಮೋನಿಯಂ ಮೇಷ್ಟ್ರುಗಳು ಇವತ್ತಿಗೂ ಕಿವಿ ನಿಮಿರಿಸುತ್ತಾರೆ. ನಿಮ್ಮ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಲಿಸಿದ ಲೆಗ್ ಹಾರ್ಮೋನಿಯಂಗಳಿಗೆ ಎಷ್ಟು ಸಲ ತಿದಿಯ ಚರ್ಮ ಬದಲಾಗಿದೆಯೋ, ಎಷ್ಟು ಸಲ ಮರ ಕಚ್ಚಿ ಅಂಟು ಹಾಕಿದ್ದಾರೋ! ರೀಡು ಅದೇ ಇರುವವರೆಗೆ ಪೆಟ್ಟಿಗೆ ಅದೇ. ತಿದಿಯನ್ನೇ ತೆಗೆದು ಸಣ್ಣ ಮೋಟರಿನಿಂದ ಗಾಳಿ ಊದಿಸಿದರೂ ನನ್ನ ತಕರಾರಿಲ್ಲ. ವುರ್ಲಿಟ್ಜರಿಗೆ ಹೊಸ ಬೋರ್ಡು ಹಾಕಿದಷ್ಟೇ ಅದು.

ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯಲ್ಲಿ ರೀಡಿಲ್ಲ. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್‌ನಾರಾಯಣ್ ಬೆಂಗಳೂರಿನಲ್ಲಿ ರ‍್ಯಾಡೆಲ್ ಕಂಪನಿ ಕಟ್ಟಿ, 1979ರ ಸುಮಾರಿಗೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಜನರ ಮುಂದಿಟ್ಟರು. ಆಮೇಲಿನ ಹತ್ತು ಹದಿನೈದು ವರ್ಷಗಳಲ್ಲಿ ರೇಡಿಯೊ ಗಾತ್ರದ ಇಂಥ ಪೆಟ್ಟಿಗೆಗಳು ಪಾಠದ ಮನೆಗಳಿಗೆ, ಭಜನಾ ಮಂಡಳಿಗಳಿಗೆ, ಕಛೇರಿಯ ವೇದಿಕೆಗಳಿಗೆ ಹರಡಿದವು. ತಂಬೂರಿ ಮೀಟಲು ಶಿಷ್ಯರೊಬ್ಬರು ಹಿಂದೆ ಕೂರಬೇಕಿದ್ದ ಕಾಲ ಮುಗಿಯಿತು. ಪಾಠ ಹೇಳುವ ಗೃಹಿಣಿಯರಿಗಂತೂ ಅದು ದೊಡ್ಡ ಬಿಡುಗಡೆ. ತಿದಿ ಒತ್ತುವ ಕೈ ತಾಳಕ್ಕೆ ಸಿಕ್ಕಿತು. ಆ ಕಾಲದ ಸರಳ ಶ್ರುತಿಪೆಟ್ಟಿಗೆಗಳಲ್ಲಿ ಆಸಿಲೇಟರ್ ಎಂಬ ಸಣ್ಣ ಸರ್ಕ್ಯೂಟುಗಳು ಇರುತ್ತಿದ್ದವು: ಷಡ್ಜಕ್ಕೆ, ಪಂಚಮಕ್ಕೆ, ಮೇಲಿನ ಷಡ್ಜಕ್ಕೆ. ಕೆಪಾಸಿಟರೊಂದು ರೆಸಿಸ್ಟರಿನ ಮೂಲಕ ತುಂಬುತ್ತ ಖಾಲಿಯಾಗುತ್ತ ಇರುತ್ತದೆ. ಅದು ಸೆಕೆಂಡಿಗೆ 196 ಸಲ ಆದರೆ ಹೆಂಗಸರ ಕಂಠಕ್ಕೆ ಒಗ್ಗುವ ಐದು ಮನೆಯ ಶ್ರುತಿ. ಹಾಗೆ ಹುಟ್ಟಿದ ಅಲೆಯ ಮೊನಚನ್ನು ಮುಂದೆ ಬೇರೆ ಕೆಪಾಸಿಟರುಗಳು ಒರೆಸಿ ಮೃದು ಮಾಡುತ್ತವೆ. ಇಲ್ಲಿ ಸ್ವರ ಹುಟ್ಟುವುದೂ ಬೋರ್ಡಿನಲ್ಲೇ, ಸ್ವರದ ಬಣ್ಣ ತೀರ್ಮಾನವಾಗುವುದೂ ಬೋರ್ಡಿನಲ್ಲೇ. ಬೋರ್ಡು ತೆಗೆದರೆ ಉಳಿಯುವುದು ಡಬ್ಬಿ, ಗುಬುಟು ಮತ್ತು ಸ್ಪೀಕರು. ರಿಪೇರಿಯವರು ಹೇಳುತ್ತಿರುವುದು ರೋಲ್ಯಾಂಡ್ ಮಾಡಿದ ಕೆಲಸ. ಹೊರಗೆ ಅಮ್ಮನ ಪೆಟ್ಟಿಗೆ, ಒಳಗೆ ಇನ್ನೊಂದು ವಾದ್ಯ.

ಹಾಗಂತ ಒಂದು ತಿರುಪನ್ನೂ ಮುಟ್ಟಬಾರದು ಎನ್ನುವ ಭಕ್ತರ ಗುಂಪಿನವನೂ ನಾನಲ್ಲ. ನಿಮಗೆ ಹತ್ತಿರದ ಬೇಲೂರಿನ ಗುಡಿಯನ್ನೇ ನೋಡಿ. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ನವರಂಗದ ಸುತ್ತ ಗೋಡೆಯ ಮರೆ ಇರಲಿಲ್ಲ. ಇವತ್ತು ಪ್ರವಾಸಿಗಳು ಬೆರಗಾಗಿ ನೋಡುವ ಜಾಲಂಧ್ರಗಳು ಆಮೇಲೆ, ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕೂಡಿಕೊಂಡವು. ಬೆಂಕಿಗೆ ಸಿಕ್ಕಿದ ಮಹಾದ್ವಾರದ ಜಾಗದಲ್ಲಿ 1397ರಲ್ಲಿ ವಿಜಯನಗರದ ದಂಡನಾಯಕ ಗುಂಡ ಗೋಪುರ ಎಬ್ಬಿಸಿದ. ಗರ್ಭಗುಡಿಯ ಮೇಲಿದ್ದ ವಿಮಾನವನ್ನು ಕೆಳಗಿನ ಕಟ್ಟಡ ಉಳಿಯಲೆಂದು 19ನೇ ಶತಮಾನದಲ್ಲಿ ಇಳಿಸಿಬಿಟ್ಟರು. ಇಷ್ಟೆಲ್ಲ ಆದ ಗುಡಿಯೇ 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕಳಚಿದ್ದೂ ಕೂಡಿಸಿದ್ದೂ ಎರಡೂ ಅದರ ಚರಿತ್ರೆ. ಆದರೆ ಹಳೇಬೀಡಿನಲ್ಲಿ ಶಿಖರ ಇಲ್ಲವೆಂದು ಯಾರೂ ಈಗ ಸಿಮೆಂಟಿನ ಶಿಖರ ಊಹಿಸಿ ಕಟ್ಟುವುದಿಲ್ಲ. ನಮ್ಮ ಪುರಾತತ್ವ ಇಲಾಖೆಯವರು ಬಹುಕಾಲ ಅನುಸರಿಸಿದ್ದು ಆ ಇಲಾಖೆಯ ಅಂದಿನ ಮುಖ್ಯಸ್ಥ ಜಾನ್ ಮಾರ್ಷಲ್ 1923ರಲ್ಲಿ ಬರೆದ ಕೈಪಿಡಿ. ಬಿದ್ದುಹೋದ ಕೆತ್ತನೆಯನ್ನು ಹೊಸದಾಗಿ ಕೆತ್ತಿ ಹಳೆಯದೆಂದು ತೋರಿಸುವುದು ಅದಕ್ಕೆ ಒಗ್ಗದ ಕೆಲಸ. ಆಧಾರಕ್ಕೆ ಕಲ್ಲು ಬೇಕಾದರೆ ಸಾದಾ ಕಲ್ಲು ಇಡಿ, ಹೊಸದು ಹೊಸದಾಗೇ ಕಾಣಲಿ ಎಂಬ ಧೋರಣೆ ಅದು. ಹಳೇ ರೇಡಿಯೊ ಸಂಗ್ರಹಿಸುವವರಲ್ಲಿ ಕೆಲವರು ಹಳೇ ಕೆಪಾಸಿಟರಿನ ಹೊಟ್ಟೆ ಬಗೆದು ಒಳಗೆ ಹೊಸದನ್ನು ಅಡಗಿಸಿ ಮೇಣ ಹಚ್ಚುತ್ತಾರೆ. ಜಾಣ ಕೆಲಸ, ಆದರೆ ನನಗೆ ರುಚಿಸುವುದಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಹೊಸ ಕೆಪಾಸಿಟರು ಹೊಸದಾಗೇ ಕಾಣಲಿ. ತೆಗೆದದ್ದನ್ನು ಒಂದು ಕವರಿನಲ್ಲಿ ಹಾಕಿ ಡಬ್ಬಿಯೊಳಗೇ ಇಡಿ.

ಇನ್ನು ದೋಷಗಳು. ಮೊದಲು ಗುಂಯ್ ಸದ್ದು, ಯಾಕೆಂದರೆ ಸುಲಭದ್ದು ಅದು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ, ಡಯೋಡುಗಳು ಅದನ್ನು ಡಿಸಿ ಮಾಡುವಾಗ 100 ಸಲದ ಏರಿಳಿತ ಉಳಿಯುತ್ತದೆ. ಅದನ್ನು ನುಂಗಿಹಾಕುವುದು ಫಿಲ್ಟರ್ ಕೆಪಾಸಿಟರಿನ ಕೆಲಸ. ಹಳೇ ರೇಡಿಯೊ ರಿಪೇರಿಯವರು ಕಂಡೆನ್ಸರ್ ಅನ್ನುತ್ತಾರಲ್ಲ, ಅದರಲ್ಲಿ ದಪ್ಪನೆಯದು. ನಲವತ್ತು ವರ್ಷದಲ್ಲಿ ಅದರೊಳಗಿನ ದ್ರವ ಒಣಗುತ್ತದೆ, 100 ಹರ್ಟ್ಸ್ ಸದ್ದು ಸ್ಪೀಕರಿಗೆ ಸೋರುತ್ತದೆ. ಇಲ್ಲಿ ಒಂದು ಮೋಜಿನ ಸಂಗತಿ. ಆ ಸದ್ದಿನ ಎರಡನೇ ಪಟ್ಟು 200 ಹರ್ಟ್ಸ್. ನಿಮ್ಮ ತಾಯಿಯವರದು ಐದು ಮನೆ ಶ್ರುತಿಯಾಗಿದ್ದರೆ ಷಡ್ಜ 196. ಇವೆರಡೂ ಡಿಕ್ಕಿ ಹೊಡೆದು ಸೆಕೆಂಡಿಗೆ ನಾಲ್ಕು ಸಲ ಸ್ವರ ಉಬ್ಬಿ ತಗ್ಗುತ್ತದೆ. ಕೇಳಿದವರಿಗೆ ಶ್ರುತಿಯೇ ಬಿಟ್ಟುಹೋಯಿತು ಅನ್ನಿಸುತ್ತದೆ, ಆಸಿಲೇಟರು ಪಾಪ ಸರಿಯಾಗೇ ಇರುತ್ತದೆ! ಹಾಗಾಗಿ ಯಾರಿಗಾದರೂ ಕೊಡುವ ಮುಂಚೆ ನೀವೇ ಒಂದು ಪರೀಕ್ಷೆ ಮಾಡಿ. ಪೆಟ್ಟಿಗೆಯಲ್ಲಿ ಸೆಲ್ ಹಾಕುವ ಜಾಗ ಇದ್ದರೆ ಪ್ಲಗ್ ತೆಗೆದು ಹೊಸ ಸೆಲ್ಲಿನಲ್ಲಿ ನಡೆಸಿ. (ಸೋರಿದ ಹಳೇ ಸೆಲ್ಲಿನ ಬಿಳಿ ಪುಡಿ ಅಂಟಿದ್ದರೆ ತುಸುವೇ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ.) ಸೆಲ್ಲಿನಲ್ಲಿ ಗುಂಯ್ ನಿಂತರೆ ದೋಷ ಕರೆಂಟಿನ ಭಾಗದ್ದು, ಮುಕ್ಕಾಲು ಪಾಲು ಆ ಕೆಪಾಸಿಟರಿನದು. ಅದರ ಬೆಲೆ ಕೆಲವೇ ಹತ್ತು ರೂಪಾಯಿ. ಅದೇ ಮೈಕ್ರೊಫ್ಯಾರಡ್, ವೋಲ್ಟೇಜು ಮೊದಲಿನಷ್ಟೇ ಅಥವಾ ಹೆಚ್ಚು, ಪ್ಲಸ್ ಮೈನಸ್ ಉಲ್ಟಾ ಆಗಬಾರದು. ಇಷ್ಟು ನೋಡಿಕೊಂಡರೆ ಸಾಕು. ಈ ಭಾಗದಲ್ಲಿ ಏನು ಬದಲಿಸಿದರೂ ನನಗೆ ಅಳುಕಿಲ್ಲ. ಟ್ರಾನ್ಸ್‌ಫಾರ್ಮರು, ಡಯೋಡು, ಪವರ್ ಕಾರ್ಡು ಎಲ್ಲ ಹೊಸದಾಗಲಿ. ನಿಮ್ಮ ಪೆಟ್ಟಿಗೆಯಲ್ಲಿ ಪಿಯಾನೊದ ಆಳಿನ ಕೆಲಸ ಮಾಡುತ್ತಿರುವುದು ಇವೇ.

ಅಡಾಪ್ಟರಿನಿಂದ ನಡೆಯುವ ಪೆಟ್ಟಿಗೆಯಾದರೆ ಇನ್ನೊಂದು ಎಚ್ಚರ. ಆ ಕಾಲದ ಭಾರದ ಅಡಾಪ್ಟರುಗಳ ಮೇಲೆ 12 ವೋಲ್ಟ್ ಎಂದು ಬರೆದಿದ್ದರೂ ಹೊರೆ ಇಲ್ಲದಾಗ 16, 17 ವೋಲ್ಟ್ ಕೊಡುತ್ತಿದ್ದವು. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬುದೂ ಒಂದೊಂದರಲ್ಲಿ ಒಂದೊಂದು ಥರ. ಮನೆಯಲ್ಲಿ ಬಿದ್ದಿರುವ ರೌಟರಿನ ಅಡಾಪ್ಟರು ಚುಚ್ಚಿ ನೋಡುವ ಆಸೆ ಬಂದರೆ ತಡೆದುಕೊಳ್ಳಿ.

ಪಂಚಮ ಜಾರುವುದು ಕೊಂಚ ನಾಜೂಕಿನ ವಿಷಯ. ಷಡ್ಜ 196 ಇದ್ದರೆ ಪಂಚಮ ಅದರ ಒಂದೂವರೆ ಪಟ್ಟು, 294. ಷಡ್ಜದ ಮೂರನೇ ಪಟ್ಟೂ ಪಂಚಮದ ಎರಡನೇ ಪಟ್ಟೂ ಆಗ 588ರಲ್ಲಿ ಒಂದಾಗುತ್ತವೆ, ಶ್ರುತಿ ಕೂಡಿತು ಎಂದು ಕಿವಿ ಒಪ್ಪುವುದು ಅಲ್ಲೇ. ಪಂಚಮ 293ಕ್ಕೆ ಇಳಿದರೆ ಸೆಕೆಂಡಿಗೆ ಎರಡು ಅಲುಗು. ಪೆಟ್ಟಿಗೆ ಬಿಸಿಯೇರಿದಂತೆ ಕೆಪಾಸಿಟರಿನ ಧಾರಣೆ ನೂರಕ್ಕೆ ಒಂದೂಕಾಲು ಪಾಲು ಬದಲಾದರೂ ಸಾಕು, ಪಂಚಮ ಸುಮಾರು ಒಂದು ಪ್ರಮಾಣಶ್ರುತಿಯಷ್ಟು ಸರಿದುಬಿಡುತ್ತದೆ. 81ಕ್ಕೆ 80ರ ಅನುಪಾತವೆಂದು ಶಾಸ್ತ್ರದವರು ಹೇಳುವುದು ಅದನ್ನೇ. ಅಗ್ಗದ ಸೆರಾಮಿಕ್ ಬಿಲ್ಲೆ ಕೆಪಾಸಿಟರುಗಳು ಇಷ್ಟು ಬದಲಾಗುವುದು ಮಾಮೂಲು. ಪಾಲಿಯೆಸ್ಟರ್ ಜಾತಿಯವು ಅಷ್ಟು ಓಡಾಡುವುದಿಲ್ಲ, ಪಾಲಿಸ್ಟೈರೀನ್ ಇನ್ನೂ ಸ್ಥಿರ.

ಆದರೂ ನನ್ನ ಮೊದಲ ಅನುಮಾನ ಕೆಪಾಸಿಟರಿನ ಮೇಲಲ್ಲ, ಪಂಚಮವನ್ನು ಕೂಡಿಸುವ ಗುಬುಟಿನ ಮೇಲೆ. ಅದರೊಳಗಿನ ಕಾರ್ಬನ್ ಪಟ್ಟಿಯ ಮೇಲೆ ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಿಂತ ಮುಳ್ಳು ಅಲ್ಲೇ ಹಳ್ಳ ತೋಡಿರುತ್ತದೆ, ಧೂಳು ಕೂತಿರುತ್ತದೆ. ಗುಬುಟು ತುಸು ಅಲ್ಲಾಡಿಸಿದರೆ ಚರಚರ ಸದ್ದು ಬಂದು ಸ್ವರ ನೆಗೆದರೆ ಕಳ್ಳ ಅವನೇ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಹತ್ತಾರು ಸಲ ತಿರುಗಿಸಿದರೆ ಎಷ್ಟೋ ಪೆಟ್ಟಿಗೆಗಳು ಸರಿಹೋಗುತ್ತವೆ. ಆದರೆ ತಿರುಗಿಸುವ ಮುಂಚೆ ಗುಬುಟಿನ ಗೆರೆ ಎಲ್ಲಿದೆ ಎಂದು ಫೋಟೊ ತೆಗೆದುಕೊಳ್ಳಿ. ತಾಯಿಯವರು ಪೆನ್ನಿನಿಂದ ಗುರುತು ಹಾಕಿಕೊಂಡಿದ್ದರೆ ಅದನ್ನು ಒರೆಸಿಬಿಡಬೇಡಿ. ಕ್ಲೀನರಿನ ದ್ರವ ತಾಗಿದರೆ ಪೆನ್ನಿನ ಗುರುತು ಮಾಯ. ಇದರಿಂದಲೂ ಸರಿಹೋಗದಿದ್ದರೆ ಆಗ ಪಂಚಮದ ಆಸಿಲೇಟರಿನ ಒಂದು ಕೆಪಾಸಿಟರು, ಒಂದೆರಡು ರೆಸಿಸ್ಟರು ಮಾತ್ರ ಬದಲಿಸಲಿ. ಅಷ್ಟಕ್ಕೆ ದನಿಯ ಬಣ್ಣ ಹೋಗುವುದಿಲ್ಲ, ಮೆದುಗೊಳಿಸುವ ಭಾಗ ಮುಟ್ಟದಿದ್ದರಾಯಿತು. ಬಿಡಿಭಾಗ ಅರಸೀಕೆರೆಯಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಆ ಬೀದಿಯಲ್ಲಿ ಸಿಗದ ಕೆಪಾಸಿಟರು ನಿಮಗೆ ಬೇಕಾಗುವ ಸಂಭವ ಕಡಿಮೆ.

ಹೊಸ ಬೋರ್ಡಿನ ಪರವಾಗಿಯೂ ಎರಡು ಮಾತು ಹೇಳಬೇಕು. ಈಗಿನ ಬೋರ್ಡುಗಳಲ್ಲಿ ಸ್ಫಟಿಕದ ಒಂದೇ ಗಡಿಯಾರದಿಂದ ಎಲ್ಲ ಸ್ವರಗಳನ್ನೂ ಭಾಗಿಸಿ ತೆಗೆಯುತ್ತಾರೆ. ಷಡ್ಜ ಪಂಚಮಗಳ ಸಂಬಂಧ ಬಿಸಿಲಿಗೂ ಚಳಿಗೂ ಕದಲುವುದಿಲ್ಲ. ದಿನಾ ಸಾಧನೆಗೆ ಬೇಕಾದರೆ ಅದೇ ಉತ್ತಮ, ಆದರೆ ಅದಕ್ಕೆ ಹೊಸ ಪೆಟ್ಟಿಗೆಯನ್ನೇ ಕೊಳ್ಳಿ. ಫೋನಿನ ತಂಬೂರಿ ಆ್ಯಪ್ ಸಾಲದೇ ಎಂದರೆ, ಫೋನಿನ ಪುಟಾಣಿ ಸ್ಪೀಕರಿನಲ್ಲಿ ಮಂದ್ರದ ಷಡ್ಜ ಅರ್ಧಕ್ಕರ್ಧ ಕೇಳಿಸುವುದೇ ಇಲ್ಲ. ಒಳ್ಳೆಯ ಸ್ಪೀಕರಿಗೆ ಸೇರಿಸಿದರೆ ಸರಿ. ಬೋರ್ಡು ನಿಜಕ್ಕೂ ಸುಟ್ಟಿದ್ದು, ಐಸಿ ಎಲ್ಲೂ ಸಿಗದೆ ಹೋಗಿ, ಹೊಸದು ಹಾಕಿಸಲೇಬೇಕು ಎಂದಾದರೆ ಡಬ್ಬಿಗೆ ಹೊಸ ತೂತು ಕೊರೆಯದೆ, ಹಳೇ ತಂತಿ ಕತ್ತರಿಸದೆ, ಬೆಸುಗೆ ಬಿಡಿಸಿ ತೆಗೆದು ಹಾಕಿಸಿ. ಹಳೇ ಬೋರ್ಡು ಗುಜರಿಗೆ ಹೋಗದಂತೆ ನಿಮ್ಮ ಕೈಗೇ ಇಸಿದುಕೊಳ್ಳಿ. ಮುಂದೆ ಯಾರಾದರೂ ಮಕ್ಕಳು ಮೊಮ್ಮಕ್ಕಳಲ್ಲಿ ಬೆಸುಗೆ ಕಡ್ಡಿ ಹಿಡಿಯುವ ಹುಚ್ಚಿನವರು ಹುಟ್ಟಬಹುದು.

ಏನೇ ಮಾಡುವುದಿದ್ದರೂ ಡಬ್ಬಿ ಬಿಚ್ಚುವ ಮುಂಚೆ ಅದರ ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಫ್ಯಾನು ಆರಿಸಿ, ಒಂದೊಂದು ಸ್ವರವನ್ನೂ ಬೇರೆಯಾಗಿ, ಆಮೇಲೆ ಮೂರೂ ಸೇರಿಸಿ. ಸಾಧ್ಯವಾದರೆ ಸೆಲ್ಲಿನಲ್ಲಿ ನಡೆಸಿಯೇ ಮಾಡಿ, ಗುಂಯ್ ಇರುವುದಿಲ್ಲ. ರಿಪೇರಿ ಆದ ಮೇಲೆ ಹೋಲಿಸಿ ನೋಡಲು ಬೇರೆ ಸಾಕ್ಷಿ ಇರುವುದಿಲ್ಲ, ಕಿವಿಯ ನೆನಪನ್ನು ನಂಬುವಂತಿಲ್ಲ. ಜಾರುವಿಕೆ ಅಳೆಯಲು ಟ್ಯೂನರ್ ಆ್ಯಪ್ ಸಾಕು. ಹಾಕಿದ ಕೂಡಲೇ ಷಡ್ಜ ಎಷ್ಟು, ಪಂಚಮ ಎಷ್ಟು, ಅರ್ಧ ಗಂಟೆಯ ಮೇಲೆ ಎಷ್ಟು ಎಂದು ಬರೆದುಕೊಳ್ಳಿ. ಎರಡೂ ಒಟ್ಟಿಗೇ ಜಾರುತ್ತಿದ್ದರೆ ದೋಷ ವೋಲ್ಟೇಜಿನದು, ರೆಗ್ಯುಲೇಟರ್ ನೋಡಬೇಕು. ಪಂಚಮ ಒಂದೇ ಆದರೆ ಮೇಲೆ ಹೇಳಿದಂತೆ. ಆ ಚೀಟಿಯನ್ನು ರಿಪೇರಿಯವರಿಗೆ ಕೊಟ್ಟರೆ ಅವರ ಅರ್ಧ ದಿನದ ಹುಡುಕಾಟ ಉಳಿಯುತ್ತದೆ, ಬೋರ್ಡು ಕಿತ್ತುಹಾಕುವ ಮಾತೂ ಬಹುಶಃ ಅಲ್ಲಿಗೇ ನಿಲ್ಲುತ್ತದೆ. ಪೆಟ್ಟಿಗೆಯ ಕರೆಂಟಿನ ಭಾಗವನ್ನು ಮಾತ್ರ ನೀವೇ ಬಿಚ್ಚಲು ಹೋಗಬೇಡಿ, ಅಲ್ಲಿ 230 ವೋಲ್ಟಿದೆ. ಚೀಟಿಯಲ್ಲಿ ಬಂದ ಅಂಕಿಗಳು ಮತ್ತು ಬೋರ್ಡಿನ ಎರಡೂ ಬದಿಯ ಫೋಟೊ ಕಳಿಸಿದರೆ ಯಾವ ಕೆಪಾಸಿಟರು ಬದಲಿಸಬೇಕೆಂದು ಮುಂದಿನ ಸಂಚಿಕೆಯಲ್ಲಿ ಗುರುತು ಹಾಕಿ ತಿಳಿಸುತ್ತೇನೆ.